ಬೆನ್ನು ಮುರಿದ ಡೈರಿ: ರಿಪೇರಿಯಿಂದ ಹೊಸ ಪುಸ್ತಕದವರೆಗೆ

ಮೊದಲ ಸಂಜೆ

ಕಪಾಟಿನಿಂದ ಹಳೇ ಡೈರಿ ಎಳೆದೆ. ಅರ್ಧ ಹಾಳೆಗಳು ಕೈಯಲ್ಲಿ ಉಳಿದವು, ಅರ್ಧ ನೆಲಕ್ಕೆ ಬಿದ್ದವು. ಮೂರು ವರ್ಷ, ಬಿಟ್ಟು ಬಿಟ್ಟು, ಬರೆದ ಪುಸ್ತಕ ಅದು. ನೆಲದ ಮೇಲೆ ಕೂತು ಒಂದೊಂದೇ ಹಾಳೆ ಎತ್ತಿಕೊಳ್ಳುವಾಗ ತುಂಬಾ ಸಂಕಟವಾಯಿತು. ಬೇರೆ ಯಾರಿಗೂ ಬೇಡದ ಪುಸ್ತಕ. ನನಗೆ ಮಾತ್ರ ಅದರ ಒಂದು ಹಾಳೆ ಕಳೆದರೂ ಆಗದು.

ಪುಸ್ತಕದ ಬೆನ್ನನ್ನು, ಅಂದರೆ ಹಾಳೆಗಳೆಲ್ಲ ಸೇರುವ ಬದಿಯನ್ನು, ತಿರುಗಿಸಿ ನೋಡಿದೆ. ಹೊಲಿಗೆಯ ಒಂದು ಎಳೆಯೂ ಇಲ್ಲ. ಬಿಡಿ ಹಾಳೆಗಳನ್ನು ಜೋಡಿಸಿ, ಒಂದು ಬದಿ ಸಮವಾಗಿ ಕತ್ತರಿಸಿ, ಬಿಸಿ ಅಂಟು ಹಚ್ಚಿ, ಮೇಲೆ ರಟ್ಟು ಹೊದಿಸಿದ್ದಾರೆ. ಇದಕ್ಕೆ ಪರ್ಫೆಕ್ಟ್ ಬೈಂಡಿಂಗ್ ಅನ್ನುತ್ತಾರೆ. ಒಂದೆರಡು ಸಲ ಓದಿ ಇಡುವ ಪುಸ್ತಕಕ್ಕೆ ಸಾಕು. ಬರೆಯುವ ಪುಸ್ತಕದ ಕಥೆ ಬೇರೆ. ಬರೆಯುವಾಗ ಪುಟ ಮಟ್ಟಸವಾಗಿ ಬಿಚ್ಚಿಕೊಂಡಿರಬೇಕು. ಇಲ್ಲದಿದ್ದರೆ ಅಂಗೈಯಿಂದ ಒತ್ತಿ ಹಿಡಿಯುತ್ತೇವೆ. ದಿನಾ ಒತ್ತಿ ಒತ್ತಿ ಆ ಗಟ್ಟಿ ಅಂಟು ಬಿರುಕು ಬಿಡುತ್ತದೆ. ಒಂದು ಕಡೆ ಬಿರುಕು ಬಂತು ಅಂದರೆ ಅಕ್ಕಪಕ್ಕದ ಹಾಳೆಗಳು ಒಂದರ ಹಿಂದೆ ಒಂದು ಕಳಚಿಕೊಳ್ಳುತ್ತವೆ. ನನ್ನದರಲ್ಲಿ ಮೂರು ಕಡೆ ಬಿರುಕಿತ್ತು.

ಅಂಟು ಹಚ್ಚುವ ಮೊದಲು ಹಾಳೆಗಳನ್ನು ಕ್ರಮಕ್ಕೆ ತರಬೇಕಿತ್ತು. ಇಲ್ಲೇ ಸಿಕ್ಕಿಹಾಕಿಕೊಂಡೆ. ಬರಹ ಶುರುವಾದ ಪುಟಕ್ಕೆ ಮಾತ್ರ ತಾರೀಕು ಹಾಕಿದ್ದೆ. ಮುಂದುವರಿದ ಪುಟಗಳಿಗೆ ತಾರೀಕೂ ಇಲ್ಲ, ಪುಟದ ನಂಬರೂ ಇಲ್ಲ. ಹಾಗಾಗಿ ಯಾವುದರ ಹಿಂದೆ ಯಾವುದು ಅಂತ ತಿಳಿಯಲು ಎಲ್ಲವನ್ನೂ ಓದಲೇಬೇಕಾಯಿತು. ಎರಡು ಸಂಜೆ ಇದಕ್ಕೇ ಹೋಯಿತು. ಸರಿಯಾದ ಹಾಳೆ ಸಿಕ್ಕಂತೆಲ್ಲ ಕೆಳಗಿನ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ನಂಬರ್ ಬರೆದೆ.

ಓದಿದಾಗ ಕಂಡದ್ದು

ಮೂರು ವರ್ಷದಲ್ಲಿ ನಾನು ಆ ಡೈರಿಯನ್ನು ಹೀಗೆ ಒಟ್ಟಿಗೆ ಓದಿಯೇ ಇರಲಿಲ್ಲ. ರಿಪೇರಿಗೆ ಅಂತ ಕೂತವನಿಗೆ ಮೊದಲು ಕಣ್ಣಿಗೆ ಬಿದ್ದದ್ದು ನನ್ನ ಕೈಬರಹದ ಆಕಾರ. ಎಡಪುಟಗಳಲ್ಲಿ ಪ್ರತಿ ಸಾಲೂ ಬೆನ್ನಿನ ಹತ್ತಿರ ಬರುತ್ತಾ ಕುಗ್ಗಿದೆ. ಅಕ್ಷರ ಚಿಕ್ಕದಾಗುತ್ತದೆ, ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ, ಕೊನೆಯ ಪದ ಅರ್ಧಕ್ಕೇ ತುಂಡಾಗಿ ಮುಂದಿನ ಸಾಲಿಗೆ ಇಳಿಯುತ್ತದೆ. ಪುಸ್ತಕದ ನಡುಭಾಗಕ್ಕೆ ಬರುವ ಹೊತ್ತಿಗೆ ಎಡಪುಟಗಳೆಲ್ಲ ಖಾಲಿ. ನಡುಭಾಗದಲ್ಲೇ ಬೆನ್ನಿನ ಬಿಗಿತ ಜಾಸ್ತಿ, ಅಲ್ಲೇ ಕೈಗೆ ಕಷ್ಟ. ಆ ದಿನಗಳಲ್ಲಿ ನನಗೆ ಬರೆಯುವ ಮನಸ್ಸೇ ಕಡಿಮೆಯಾಗಿದೆ ಅಂದುಕೊಂಡಿದ್ದೆ. ಕೈಗೆ ನೋವಾಗುತ್ತಿತ್ತು, ಅಷ್ಟೇ.

ಇನ್ನೊಂದು ಕಂಡಿತು. 'ಬರೆದು ತುಂಬಾ ದಿನ ಆಯಿತು' ಅಂತ ಶುರುವಾಗುವ ಪುಟಗಳು ಹನ್ನೊಂದು. ಆಮೇಲೆ ಬಿಟ್ಟುಹೋದ ದಿನಗಳ ವರದಿ: ಯಾರು ಬಂದರು, ಎಲ್ಲಿಗೆ ಹೋದೆ, ಯಾವ ಕೆಲಸ ಮುಗಿಯಿತು. ಎರಡು ಪುಟ, ಮೂರು ಪುಟ. ಆ ವರದಿ ಮುಗಿದ ಕಡೆ ಮತ್ತೆ ಒಂದು ದೊಡ್ಡ ಖಾಲಿ. ಹನ್ನೊಂದರಲ್ಲಿ ಒಂಬತ್ತು ಸಲ ಹೀಗೇ ಆಗಿದೆ. ಬಾಕಿ ತೀರಿಸಲು ಕೂತು ಸುಸ್ತಾಗಿ ಎದ್ದಿದ್ದೇನೆ. ಮರುದಿನ ಪುಸ್ತಕ ಮುಟ್ಟಿಲ್ಲ.

ಆ ವರದಿಗಳನ್ನು ಈಗ ಓದಿದರೆ ಏನೂ ನೆನಪಿಗೆ ಬರುವುದಿಲ್ಲ. ಆದರೆ ಒಂದು ಹಾಳೆಯಲ್ಲಿ ಬರೀ ಐದು ಸಾಲು ಇದೆ. ಲಿಫ್ಟಿನಲ್ಲಿ ಯಾರದೋ ಮಗು ನನ್ನ ತೋರುಬೆರಳು ಹಿಡಿದುಕೊಂಡು ಐದು ಮಹಡಿ ಇಳಿಯುವವರೆಗೂ ಬಿಡಲಿಲ್ಲ. ಅದರ ಕೈ ಒದ್ದೆಯಾಗಿತ್ತು. ಬಾಗಿಲು ತೆರೆದಾಗ ಅದು ಹೋಯಿತು, ನಾನು ಇಳಿಯುವುದನ್ನೇ ಮರೆತು ನಿಂತಿದ್ದೆ. ಅಷ್ಟೇ ಬರಹ. ಅದನ್ನು ಓದಿದ ತಕ್ಷಣ ಬೆರಳಿಗೆ ಆ ತೇವ ತಾಗಿದ ಹಾಗಾಯಿತು. ಆ ವಾರ ನಾನು ಹೇಗಿದ್ದೆ, ಎಷ್ಟು ಒಂಟಿಯಾಗಿದ್ದೆ, ಎಲ್ಲ ಬಂತು. ಇಂಥ ಹಾಳೆ ಇಡೀ ಪುಸ್ತಕದಲ್ಲಿ ಏಳೆಂಟು. ಎಲ್ಲವೂ ಚಿಕ್ಕವು.

ಬೆನ್ನಿನ ಕೆಲಸ

ಹಾಳೆಗಳು ಬಿಡಿಬಿಡಿ ಇರುವುದರಿಂದ ಮಡಿಕೆಯಲ್ಲಿ ಹೊಲಿಯಲು ಆಗುವುದಿಲ್ಲ. ಬದಿಯಿಂದ ತೂತು ಹೊಡೆದು ಹೊಲಿಯಬಹುದು. ಆದರೆ ಒಂದು ಸೆಂಟಿಮೀಟರಿನಷ್ಟು ಬರಹ ಹೊಲಿಗೆಯೊಳಗೆ ಸೇರಿಹೋಗುತ್ತದೆ, ಪುಸ್ತಕ ಇನ್ನೂ ಕಡಿಮೆ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಡಬಲ್ ಫ್ಯಾನ್ ವಿಧಾನ ಆರಿಸಿಕೊಂಡೆ. ಜರ್ಮನಿಯ ಎಮಿಲ್ ಲುಂಬೆಕ್ ಹೆಸರಿನಿಂದ ಇದಕ್ಕೆ ಲುಂಬೆಕ್ ಬೈಂಡಿಂಗ್ ಅಂತಲೂ ಕರೆಯುತ್ತಾರೆ.

ಹಳೇ ಅಂಟನ್ನು ಉಗುರಿನಿಂದಲೇ ಸುಲಿದೆ, ಪದರ ಪದರವಾಗಿ ಬಂತು. ಉಳಿದದ್ದನ್ನು ಮರಳು ಕಾಗದದಿಂದ ಮೆಲ್ಲಗೆ ಉಜ್ಜಿದೆ. ಹಾಳೆಗಳ ಅಂಚು ಸ್ವಲ್ಪ ಒರಟಾದರೆ ಒಳ್ಳೆಯದು, ಅಂಟು ಹಿಡಿಯುತ್ತದೆ. ಆಮೇಲೆ ಎರಡು ಹಲಗೆಗಳ ನಡುವೆ ಹಾಳೆಗಳನ್ನಿಟ್ಟು ಕ್ಲ್ಯಾಂಪ್ ಬಿಗಿದೆ. ಬೆನ್ನಿನ ಬದಿ ಸುಮಾರು 5 ಸೆಂ.ಮೀ. ಹೊರಗೆ ಚಾಚಿರಬೇಕು.

ಈಗ ಚಾಚಿದ ಭಾಗವನ್ನು ಒಂದು ಪಕ್ಕಕ್ಕೆ ಬಾಗಿಸಿದೆ. ಹಾಳೆಗಳು ಬೀಸಣಿಗೆಯ ಹಾಗೆ ಒಂದರ ಮೇಲೊಂದು ಜಾರಿ, ಪ್ರತಿ ಹಾಳೆಯ ಕೂದಲೆಳೆಯಷ್ಟು ಅಂಚು ಹೊರಗೆ ಕಾಣುತ್ತದೆ. ಅದರ ಮೇಲೆ ಕಾಗದ, ಮರ ಅಂಟಿಸುವ ಬಿಳಿ ಪಿವಿಎ ಅಂಟನ್ನು ತೆಳ್ಳಗೆ ಬ್ರಷ್‌ನಿಂದ ಸವರಿದೆ. ತಕ್ಷಣ ಇನ್ನೊಂದು ಪಕ್ಕಕ್ಕೆ ಬಾಗಿಸಿ ಮತ್ತೆ ಸವರಿದೆ. ನೆಟ್ಟಗೆ ಮಾಡಿ ಬಿಟ್ಟರೆ ಪ್ರತಿ ಹಾಳೆಯೂ ಪಕ್ಕದ ಹಾಳೆಗೆ ಎರಡೂ ಕಡೆಯಿಂದ ಅಂಟಿಕೊಂಡಿರುತ್ತದೆ. ಬರೀ ತುದಿಗೆ ಅಂಟು ತಾಗುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ. ಪಿವಿಎ ಒಣಗಿದ ಮೇಲೂ ಬಗ್ಗುತ್ತದೆ, ಹಳೇ ಅಂಟಿನ ಹಾಗೆ ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಮೇಲೆ ತೆಳು ಹತ್ತಿ ಬಟ್ಟೆಯ ಪಟ್ಟಿ ಅಂಟಿಸಿ ರಾತ್ರಿಯಿಡೀ ಭಾರದ ಕೆಳಗೆ ಬಿಟ್ಟೆ.

ಬೆಳಿಗ್ಗೆ ಹಳೇ ರಟ್ಟನ್ನೇ ಮತ್ತೆ ಜೋಡಿಸಿದೆ. ಒಂದು ವಿಷಯ ಮಾತ್ರ ಬದಲಿಸಿದೆ. ಬಟ್ಟೆಯ ಪಟ್ಟಿಯ ಎರಡು ತುದಿಗಳನ್ನು ಮುಂದಿನ, ಹಿಂದಿನ ರಟ್ಟುಗಳಿಗೆ ಅಂಟಿಸಿದೆ, ಬೆನ್ನನ್ನು ಮಾತ್ರ ರಟ್ಟಿಗೆ ಅಂಟಿಸಲಿಲ್ಲ. ನಡುವೆ ಟೊಳ್ಳು ಬಿಟ್ಟರೆ ಪುಸ್ತಕ ತೆರೆದಾಗ ಹಾಳೆಗಳ ಬೆನ್ನು ತನ್ನ ಪಾಡಿಗೆ ಬಾಗುತ್ತದೆ. ಈಗ ಆ ಡೈರಿ ಮೊದಲ ದಿನ ಇದ್ದದ್ದಕ್ಕಿಂತ ಚೆನ್ನಾಗಿ ತೆರೆದುಕೊಳ್ಳುತ್ತದೆ.

ಹರಿದ ಹಾಳೆ, ಹರಡಿದ ಮಸಿ

ನಾಲ್ಕು ಹಾಳೆಗಳು ಬದಿಯಲ್ಲಿ ಹರಿದಿದ್ದವು. ಇನ್ನೊಂದಕ್ಕೆ ಹಿಂದೆ ಯಾವಾಗಲೋ ಸೆಲೋಟೇಪ್ ಹಾಕಿದ್ದೆ. ಅದು ಹಳದಿಯಾಗಿ, ಅಂಚಿನಿಂದ ಅಂಟು ಒಸರಿ, ಮುಂದಿನ ಪುಟವನ್ನೂ ಹಿಡಿದುಕೊಂಡಿತ್ತು. ಉಳಿಸಬೇಕು ಅನ್ನುವ ಕಾಗದಕ್ಕೆ ಸೆಲೋಟೇಪ್ ಬೇಡವೇ ಬೇಡ.

ಹರಿದ ಕಾಗದ ಕೂಡಿಸಲು ಜಪಾನಿನ ತೆಳು ಕೋಜೊ ಕಾಗದ, ಗೋಧಿ ಪಿಷ್ಟದ ಅಂಟು ಬಳಸುತ್ತಾರೆ. ಹಳೇ ದಾಖಲೆ ಕಾಪಾಡುವವರೂ ಇದನ್ನೇ ನಂಬುತ್ತಾರೆ. ಕೋಜೊ ಗಿಡದ ನಾರು ಉದ್ದ, ಹಾಗಾಗಿ ಕಾಗದ ಎಷ್ಟು ತೆಳ್ಳಗಿದ್ದರೂ ಗಟ್ಟಿ. ಪಿಷ್ಟದ ಅಂಟನ್ನು ಮುಂದೆ ಬೇಕಾದರೆ ನೀರು ತಾಗಿಸಿ ಬಿಡಿಸಬಹುದು, ಪಿವಿಎ ಹಾಗೆ ಬಿಡಿಸಲು ಬರುವುದಿಲ್ಲ. ತೇಪೆಯನ್ನು ಕತ್ತರಿಯಿಂದ ಕತ್ತರಿಸಬಾರದು. ನೀರಿನ ಗೆರೆ ಎಳೆದು ಕೈಯಿಂದ ಹರಿಯಬೇಕು. ಆಗ ಅಂಚಿನಲ್ಲಿ ಸಣ್ಣ ಸಣ್ಣ ನಾರು ಉಳಿದು, ಅವು ಹಾಳೆಯೊಳಗೆ ಬೆರೆತುಹೋಗುತ್ತವೆ.

ಮೂರು ಹಾಳೆ ಚೆನ್ನಾಗಿ ಬಂತು. ನಾಲ್ಕನೆಯದರಲ್ಲಿ ತಪ್ಪು ಮಾಡಿದೆ. ಆ ಪುಟ ಫೌಂಟನ್ ಪೆನ್ನಿನಲ್ಲಿ, ನೀರಿಗೆ ಕರಗುವ ನೀಲಿ ಮಸಿಯಲ್ಲಿ ಬರೆದದ್ದು. ಪರೀಕ್ಷೆ ಮಾಡದೆ ಅಂಟು ಸವರಿದೆ. ಅಂಟಿನಲ್ಲಿರುವುದು ಹೆಚ್ಚಿನ ಪಾಲು ನೀರೇ ಅಲ್ವಾ? ಕಣ್ಣೆದುರೇ ಅಕ್ಷರಗಳು ಊದಿಕೊಂಡು, ತಿಳಿ ನೀಲಿಯಾಗಿ, ಒಂದರೊಳಗೊಂದು ಹರಡಿದವು. ಒತ್ತುಕಾಗದ ತರುವಷ್ಟರಲ್ಲಿ ಮೂರು ಸಾಲು ಹೋಗಿತ್ತು.

ಅದು ನನ್ನ ಒಬ್ಬ ಹಳೇ ಗೆಳತಿಯೊಡನೆ ಜಗಳವಾದ ರಾತ್ರಿ ಬರೆದ ಪುಟ. 'ಅವಳು ಫೋನ್ ಇಟ್ಟ ಮೇಲೆ ನಾನು' ಅನ್ನುವವರೆಗೆ ಓದಬಹುದು. ಆಮೇಲೆ ನೀಲಿ ಕಲೆ. ಕೆಳಗೆ ಮತ್ತೆ ಸರಿಯಾದ ಸಾಲುಗಳು ಶುರುವಾಗುತ್ತವೆ, ಅವು ಬೇರೆ ಮಾತು. ಎರಡು ದಿನದ ಹಿಂದಷ್ಟೇ ಈ ಪುಟ ಓದಿದ್ದೆ. ಆದರೂ ಆ ಮೂರು ಸಾಲಿನಲ್ಲಿ ಏನಿತ್ತು ಅಂತ ನೆನಪಾಗಲಿಲ್ಲ. ಎಷ್ಟು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆನೋ.

ನಿಮ್ಮ ಹಳೇ ಡೈರಿ ರಿಪೇರಿ ಮಾಡುವುದಿದ್ದರೆ, ದಯವಿಟ್ಟು, ಮೊದಲು ಮೂಲೆಯ ಒಂದು ಚುಕ್ಕೆಗೆ ಹತ್ತಿಯ ತುದಿಯಿಂದ ಒಂದು ಹನಿ ನೀರು ತಾಗಿಸಿ ನೋಡಿ. ಪೆನ್ಸಿಲ್ ಬರಹಕ್ಕೆ ಏನೂ ಆಗುವುದಿಲ್ಲ. ಬಾಲ್ ಪೆನ್ನಿನ ಮಸಿಯೂ ಸಾಮಾನ್ಯವಾಗಿ ನೀರಿಗೆ ಹರಡುವುದಿಲ್ಲ. ನೀರಿಗೆ ಕರಗದ ಬಣ್ಣದ ಕಣಗಳಿರುವ ಪಿಗ್ಮೆಂಟ್ ಮಸಿ ಒಣಗಿದ ಮೇಲೆ ನಿಲ್ಲುತ್ತದೆ. ಬಣ್ಣ ನೀರಿನಲ್ಲಿ ಕರಗಿರುವ ಡೈ ಮಸಿಯಿಂದ ಬರೆದದ್ದೇ ಅಪಾಯದಲ್ಲಿರುವುದು. ನಾನು ಅವತ್ತೇ ಪಿಗ್ಮೆಂಟ್ ಮಸಿಗೆ ಬದಲಾದೆ.

ಹೊಸ ಪುಸ್ತಕದ ಲೆಕ್ಕ

ಹಳೆಯದು ಸರಿಹೋಯಿತು. ಅದರಲ್ಲೇ ಮುಂದುವರಿಸಬಹುದಿತ್ತು, ಖಾಲಿ ಪುಟಗಳು ಬೇಕಾದಷ್ಟಿದ್ದವು. ಆದರೆ ಎರಡು ಸಂಜೆ ಓದಿ ಕಂಡದ್ದನ್ನೆಲ್ಲ ಇಟ್ಟುಕೊಂಡು ಕೈಯಾರೆ ಒಂದು ಪುಸ್ತಕ ಕಟ್ಟಬೇಕು ಅನ್ನಿಸಿತು. ಪೂರ್ತಿ ಬಿಚ್ಚಿಕೊಳ್ಳಬೇಕು. ತೆಳ್ಳಗಿರಬೇಕು. ಅಚ್ಚಾದ ತಾರೀಕು ಇರಕೂಡದು, ಯಾಕೆಂದರೆ ಖಾಲಿ ಬಿಟ್ಟ ತಾರೀಕು ಕಂಡರೆ ಮತ್ತೆ ಬಾಕಿ ತೀರಿಸಲು ಕೂರುತ್ತೇನೆ.

64 ಪುಟ ಅಂತ ನಿರ್ಧರಿಸಿದೆ. ದಿನಕ್ಕೊಂದು ಪುಟ, ಸುಮಾರು ಎರಡು ತಿಂಗಳು. ಇದಕ್ಕೊಂದು ಕಾರಣವಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಹಂತಕ್ಕೆ ಬರಲು ಹಿಡಿದ ಕಾಲದ ಮಧ್ಯಮ ಲೆಕ್ಕ 66 ದಿನ. ಕೆಲವರಿಗೆ 18 ದಿನ, ಇನ್ನು ಕೆಲವರಿಗೆ 254 ದಿನದವರೆಗೆ ಬೇಕಾಗಬಹುದು ಅನ್ನುವುದು ಅವರ ಅಂದಾಜು. ನನಗೆ ಧೈರ್ಯ ಕೊಟ್ಟದ್ದು ಅದರ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ಹಾಗಾಗಿ ಒಂದು ನಿಯಮ ಮಾಡಿಕೊಂಡೆ. ತಪ್ಪಿದ ದಿನದ ಬಗ್ಗೆ ಒಂದಕ್ಷರವೂ ಬರೆಯುವುದಿಲ್ಲ. ಇವತ್ತಿನ ತಾರೀಕು ಹಾಕಿ ಇವತ್ತಿನದನ್ನೇ ಬರೆಯುವುದು.

ಕಾಗದ 100 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 100 ಗ್ರಾಂ ತೂಕದ್ದು. 80ರದ್ದು ಸಾಕಾಗುತ್ತದೆ, ಆದರೆ ನನ್ನ ಪೆನ್ನಿಗೆ ಹಿಂದಿನ ಪುಟದಲ್ಲಿ ನೆರಳು ಜಾಸ್ತಿ ಕಾಣುತ್ತದೆ.

ಕಾಗದದಲ್ಲಿ ಒಂದು ಸಲ ಎಡವಿದೆ. ಮೊದಲು ಮಾಮೂಲಿ ಎ4 ಹಾಳೆ ನಾಲ್ಕನ್ನು ಸೇರಿಸಿ ನಡುವೆ ಮಡಚಿದೆ. ಮಡಿಕೆ ಒರಟಾಗಿ ಬಂತು. ಪುಟ ತಿರುವಿದರೆ ಮಲಗುವುದಿಲ್ಲ, ಮೇಲಕ್ಕೆ ಏಳುತ್ತದೆ. ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಯಂತ್ರದಲ್ಲಿ ಕಾಗದ ಹರಿದುಬರುವಾಗ ನಾರುಗಳಲ್ಲಿ ಹೆಚ್ಚಿನವು ಆ ದಿಕ್ಕಿಗೇ ಮಲಗುತ್ತವೆ. ಪುಸ್ತಕದಲ್ಲಿ ನಾರು ಬೆನ್ನಿಗೆ ಸಮಾನಾಂತರವಾಗಿರಬೇಕು. ಮಾಮೂಲಿ ಎ4ನಲ್ಲಿ ನಾರು ಹೆಚ್ಚಾಗಿ ಉದ್ದುದ್ದಕ್ಕೆ ಇರುತ್ತದೆ, ಅದನ್ನು ನಡುವೆ ಮಡಚಿದರೆ ನಾರಿಗೆ ಅಡ್ಡಲಾಗಿ ಮಡಚಿದ ಹಾಗೆ. ಪರೀಕ್ಷೆ ಸುಲಭ. ಹಾಳೆಯನ್ನು ಮುರಿಯದೆ ಸುಮ್ನೆ ಬಾಗಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಎರಡೂ ದಿಕ್ಕಿನಲ್ಲಿ ಮಾಡಿ. ಯಾವ ಕಡೆ ಮೆತ್ತಗೆ ಬಾಗುತ್ತದೋ ಆ ಮಡಿಕೆಯ ಉದ್ದಕ್ಕೆ ನಾರು ಇದೆ.

ಪರಿಹಾರವೂ ಸುಲಭವಿತ್ತು. ಉದ್ದುದ್ದ ನಾರಿನ ಎ3 ಹಾಳೆ ತಂದೆ, 297 ಮಿ.ಮೀ. ಅಗಲ, 420 ಉದ್ದ. ಅದನ್ನು 210ಕ್ಕೆ ಅಡ್ಡಲಾಗಿ ಕತ್ತರಿಸಿದರೆ ಎರಡು ಎ4, ಈಗ ನಾರು ಚಿಕ್ಕ ಬದಿಗೆ ಸಮಾನಾಂತರ. ಅದನ್ನು ನಡುವೆ ಮಡಚಿದರೆ ಎ5 ಗಾತ್ರದ ಪುಟ, ನಾರು ಬೆನ್ನಿನ ಉದ್ದಕ್ಕೆ. ಎಂಟು ಎ3 ಹಾಳೆಯಿಂದ ಹದಿನಾರು ಎ4. ನಾಲ್ಕು ನಾಲ್ಕು ಸೇರಿಸಿ ಮಡಚಿದಾಗ 16 ಪುಟದ ನಾಲ್ಕು ಕಟ್ಟು. ಪ್ರೆಸ್ಸಿನವರು ಇದಕ್ಕೆ ಫಾರಂ ಅನ್ನುತ್ತಾರೆ. ಮಡಿಕೆಯನ್ನು ಚಮಚದ ಬೆನ್ನಿನಿಂದ ತಿಕ್ಕಿ ರಾತ್ರಿ ಭಾರದ ಕೆಳಗಿಟ್ಟೆ.

ಹೊಲಿಗೆ

ಕೋಪ್ಟಿಕ್ ಹೊಲಿಗೆ ಹಾಕಿದೆ. ಈಜಿಪ್ಟಿನ ಕೋಪ್ಟಿಕ್ ಕ್ರೈಸ್ತರು ಬಹಳ ಹಿಂದೆಯೇ ಹೀಗೆ ಪುಸ್ತಕ ಹೊಲಿಯುತ್ತಿದ್ದರು. ಬೆನ್ನಿಗೆ ಅಂಟೇ ಇಲ್ಲ. ಫಾರಂನಿಂದ ಫಾರಂಗೆ ದಾರವೇ ಜಡೆಯ ಹಾಗೆ ಹೆಣೆದುಕೊಂಡು ಹೋಗುತ್ತದೆ. ಯಾವ ಪುಟ ತೆರೆದರೂ ಮೇಜಿನ ಮೇಲೆ ಮಟ್ಟಸವಾಗಿ ಮಲಗುತ್ತದೆ.

ತೂತುಗಳು 15, 75, 135, 195 ಮಿ.ಮೀ.ಗೆ. ಒಂದು ರಟ್ಟಿನ ಪಟ್ಟಿಗೆ ಗುರುತು ಹಾಕಿ, ಅದನ್ನೇ ಎಲ್ಲ ಫಾರಂಗಳ ಮಡಿಕೆಯೊಳಗೆ ಇಟ್ಟು ದಬ್ಬಣದಿಂದ ಚುಚ್ಚಿದೆ. ಪ್ರತಿ ಸಲ ಅಳೆದರೆ ಅರ್ಧ ಮಿಲಿಮೀಟರ್ ಆಚೀಚೆ ಆಗಿ ಬೆನ್ನು ಸೊಟ್ಟಗಾಗುತ್ತದೆ. ಲಿನನ್ ದಾರ ಒಂದೂವರೆ ಮೀಟರ್. ಅದನ್ನು ಜೇನುಮೇಣದ ಮೇಲೆ ಎರಡು ಸಲ ಎಳೆದೆ. ಮೇಣ ಹಚ್ಚಿದ ದಾರ ಸಿಕ್ಕಾಗುವುದಿಲ್ಲ, ಹಾಕಿದ ಹೊಲಿಗೆ ಜಾರುವುದಿಲ್ಲ.

ದಾರ ಬಿಗಿಯುವಾಗ ಬೆನ್ನಿನ ಉದ್ದಕ್ಕೇ ಎಳೆಯಬೇಕು. ನಾನು ಎರಡನೇ ಫಾರಂನಲ್ಲಿ ಆತುರಕ್ಕೆ ನನ್ನ ಕಡೆಗೆ ಎಳೆದೆ. ತೂತು ಹರಿದು ಉದ್ದ ಸೀಳಾಯಿತು. ಬಿಚ್ಚಿ, ಮಡಿಕೆಗೆ ಕೋಜೊ ಪಟ್ಟಿ ಅಂಟಿಸಿ, ಒಣಗಿಸಿ, ಮತ್ತೆ ಚುಚ್ಚಿದೆ. ಒಂದು ಸಂಜೆ ಹೆಚ್ಚು ಹಿಡಿಯಿತು. ಈಗ ಪುಸ್ತಕದಲ್ಲಿ ಅದೇ ಎಲ್ಲಕ್ಕಿಂತ ಗಟ್ಟಿಯಾದ ತೂತು.

ಹೊಲಿಗೆ ಮುಗಿದ ಮೇಲೆ ಪುಟಗಳಿಗೆ ನಂಬರ್ ಹಾಕಿದೆ, ಮೊದಲು ಮಾಡಿದ ತಪ್ಪು ಮತ್ತೆ ಬೇಡ ಅಂತ. ಪ್ರತಿ ಪುಟದ ಹೊರಬದಿಯಲ್ಲಿ 3 ಸೆಂ.ಮೀ. ಅಂಚು ಬಿಟ್ಟು ಪೆನ್ಸಿಲ್ ಗೆರೆ ಎಳೆದೆ. ಆ ಅಂಚು ಭಾನುವಾರದ್ದು. ವಾರದ ಪುಟಗಳನ್ನು ಅವತ್ತು ಓದಿ ಅಲ್ಲಿ ಏನಾದರೂ ಹೊಳೆದರೆ ಬರೆಯುವುದು. ಹಳೇ ಡೈರಿ ಬರೀ ಬರೆದಿಟ್ಟ ಪುಸ್ತಕವಾಗಿತ್ತು, ನಾನು ಅದನ್ನು ಓದಿದ್ದು ಅದು ಮುರಿದ ಮೇಲೆ.

ಬಳಕೆ

ಮೊದಲ ನಾಲ್ಕು ದಿನ ಯಾವುದರ ಬಗ್ಗೆ ಬರೆಯಬೇಕು ಅನ್ನುವುದು ಆಗಲೇ ಗೊತ್ತಿತ್ತು. ಆ ನೀಲಿ ಕಲೆ.

ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ಮನಸ್ಸಿಗೆ ತುಂಬಾ ಪೆಟ್ಟು ಕೊಟ್ಟ ಘಟನೆಯ ಬಗ್ಗೆ, ಕೆಲವರು ಸಾಮಾನ್ಯ ವಿಷಯಗಳ ಬಗ್ಗೆ. ಘಟನೆಯನ್ನೂ ಅದರ ಜೊತೆಗಿದ್ದ ಭಾವನೆಯನ್ನೂ ಸೇರಿಸಿ ಬರೆದವರಿಗೆ ಬರೆದ ಕೂಡಲೇ ಮನಸ್ಸು ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಅದೇ ಅಳತೆ ಇಟ್ಟುಕೊಂಡೆ: ನಾಲ್ಕು ದಿನ, 15 ನಿಮಿಷ, ಫೋನಿನಲ್ಲಿ ಟೈಮರ್.

ಮೊದಲ ದಿನ ಅವಳು ಏನೇನು ಅಂದಳು ಅಂತ ಬರೆದೆ. ಎರಡನೇ ದಿನವೂ ಅದೇ, ಇನ್ನೂ ಕೋಪದಿಂದ. ಎದ್ದಾಗ ಕೈ ನಡುಗುತ್ತಿತ್ತು, ನಿದ್ದೆ ತಡವಾಯಿತು. ಮೂರನೇ ದಿನ ಬರೆಯಲು ಹೊಸದೇನೂ ಇರಲಿಲ್ಲ. ಟೈಮರ್ ಇನ್ನೂ ಒಂಬತ್ತು ನಿಮಿಷ ತೋರಿಸುತ್ತಿತ್ತು. ಸುಮ್ನೆ ಆ ಕೋಣೆ ಹೇಗಿತ್ತು ಅಂತ ಬರೆದೆ. ಫ್ಯಾನು ತಿರುಗುತ್ತಿತ್ತು. ಫೋನ್ ಮಂಚದ ಮೇಲೆ ಬಿದ್ದಿತ್ತು. ನಾಲ್ಕನೇ ದಿನ, ಪುಟದ ಅರ್ಧಕ್ಕೆ ಬಂದಾಗ, ಪೆನ್ನು ಬರೆದ ಸಾಲು ಇದು: 'ಅವಳು ಫೋನ್ ಇಟ್ಟ ಮೇಲೆ ನಾನು ಹತ್ತು ನಿಮಿಷ ಅವಳ ಫೋನಿಗೆ ಕಾದೆ. ನಾನು ಮಾಡಲಿಲ್ಲ.'

ಮಸಿ ಹರಡಿ ಹಾಳಾದ ಸಾಲುಗಳಲ್ಲಿ ಇದೇ ಇತ್ತೋ ಇಲ್ಲವೋ. ಇರಲಿಕ್ಕಿಲ್ಲ ಅನ್ನಿಸುತ್ತದೆ, ಅವತ್ತು ನನ್ನದು ಬರೀ ಕೋಪ. ಆ ಭಾನುವಾರ ಮೊದಲೆರಡು ಪುಟಗಳ ಅಂಚಿನಲ್ಲಿ ಒಂದೇ ಮಾತು ಬರೆದೆ: 'ಇದು ಕೋಪ ಅಲ್ಲ, ಹೆದರಿಕೆ.' ಮರುದಿನ ಅವಳಿಗೆ ಫೋನ್ ಮಾಡಿದೆ. ಎತ್ತಿದಳು. ಆ ಮಾತುಕತೆ ಐದನೇ ಪುಟದಲ್ಲಿದೆ, ಅದು ಅಲ್ಲೇ ಇರಲಿ.

ಆಮೇಲಿನ ದಿನಗಳು ಇಷ್ಟು ಭಾರದವಲ್ಲ. ಒಂದು ಪುಟ, ಒಂದು ಸಂಗತಿ. ಲಿಫ್ಟಿನ ಮಗುವಿನ ಹಾಗೆ ಹತ್ತಿರದಿಂದ ನೋಡಿದ್ದು ಏನಾದರೂ ಇದ್ದರೆ ಅದು, ಇಲ್ಲದಿದ್ದರೆ ಅವತ್ತು ಮನಸ್ಸು ಎಲ್ಲಿ ತಡವರಿಸಿತು ಅನ್ನುವುದು. ಕೆಲವು ದಿನ ಮೂರೇ ಸಾಲು. ಪುಸ್ತಕ ದಿಂಬಿನ ಪಕ್ಕ ತೆರೆದೇ ಇರುತ್ತದೆ, ಪೆನ್ನು ನಡುವೆ. ತನ್ನಷ್ಟಕ್ಕೆ ಮುಚ್ಚಿಕೊಳ್ಳದ ಪುಸ್ತಕವಾದ್ದರಿಂದಲೇ ಇದು ಆಗುತ್ತದೆ. ಎಡಪುಟಗಳಲ್ಲೂ ಸಾಲುಗಳು ಬೆನ್ನಿನವರೆಗೆ ನೆಟ್ಟಗೆ ಹೋಗಿವೆ. ಆರು ದಿನ ತಪ್ಪಿದೆ. ಅವುಗಳ ವರದಿ ಎಲ್ಲೂ ಇಲ್ಲ.

ಇವತ್ತು 58ನೇ ಪುಟ. ನಾಲ್ಕು ತೂತಿನ ಹೊಲಿಗೆ ನಡುಭಾಗದಲ್ಲಿ ಸ್ವಲ್ಪ ಅಲುಗಾಡುತ್ತಿದೆ. ಮುಂದಿನ ಪುಸ್ತಕಕ್ಕೆ ಹಾಳೆ ಕತ್ತರಿಸಿ ಮಡಚಿ ಆಯಿತು, ರಿಪೇರಿಯಾದ ಹಳೇ ಡೈರಿಯ ಭಾರದ ಕೆಳಗಿವೆ. ಈ ಸಲ ಐದು ತೂತು: 15, 60, 105, 150, 195.